ಹಣ ಎಲ್ಲಿ ಸಿಕ್ಕಿಕೊಂಡಿದೆ? ಬ್ಯಾಂಕಿನ ಸಣ್ಣ ಕಿರಿಕಿರಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ನನ್ನ ಚಿಕ್ಕಪ್ಪ ಒಂದು ಸಂಜೆ ಹತ್ತು ನಿಮಿಷದಲ್ಲಿ 70 ರೂಪಾಯಿ 80 ಪೈಸೆ ಕಳೆದುಕೊಂಡರು. ಜೇಬು ಹರಿದಿರಲಿಲ್ಲ, ಕಳ್ಳನೂ ಬಂದಿರಲಿಲ್ಲ. ಎಟಿಎಂಗೆ ಹೋಗಿ 500 ರೂಪಾಯಿ ಕೇಳಿದ್ದರು, ಅಷ್ಟೇ. ಯಂತ್ರ ಪರದೆಯ ಮೇಲೆ ಎರಡು ಸಾಲು ತೋರಿಸಿ ಕಾರ್ಡನ್ನು ಹೊರಗೆ ನೂಕಿತು. ಕನ್ನಡಕ ಮನೆಯಲ್ಲಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಇನ್ನೊಮ್ಮೆ ಒತ್ತಿದರು. ಆಮೇಲೆ ರಸ್ತೆ ದಾಟಿ ಎದುರಿನ ಯಂತ್ರದಲ್ಲೂ ನೋಡಿದರು. ಮರುದಿನ ಪಾಸ್‌ಬುಕ್ ಹಿಡಿದು ನನ್ನ ಮುಂದೆ ಕುಳಿತಾಗ ಅದರಲ್ಲಿ 23.60, 23.60, 23.60 ಎಂದು ಮೂರು ಸಾಲು ಒಂದರ ಕೆಳಗೊಂದು ಇದ್ದವು. ಖಾತೆಯಲ್ಲಿ ಇದ್ದದ್ದೇ 480 ರೂಪಾಯಿ. ಇಲ್ಲದ 500 ಕೇಳಿದ ತಪ್ಪಿಗೆ ಅವರ ಬ್ಯಾಂಕು ಪ್ರತಿ ಸಲವೂ 20 ರೂಪಾಯಿ ದಂಡ ಹಾಕಿತ್ತು. ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 3 ರೂಪಾಯಿ 60 ಪೈಸೆ. ಕೊನೆಗೆ ಉಳಿದದ್ದು 409.20.

“ಹಾಗಾದರೆ ಯಂತ್ರ ಕೆಟ್ಟಿರಲಿಲ್ಲವೇನೋ?” ಎಂದು ಕೇಳಿದರು. ಯಂತ್ರ ನೆಟ್ಟಗೇ ಇತ್ತು.

ಇಂಥ ಪಾಸ್‌ಬುಕ್‌ಗಳು ನನ್ನ ಬಳಿಗೆ ವಾರಕ್ಕೆ ಒಂದೆರಡಾದರೂ ಬರುತ್ತವೆ. ನಾನು ಬ್ಯಾಂಕಿನ ನೌಕರಿಯಲ್ಲಿ ಇಲ್ಲ. ಲೆಕ್ಕ ಬರೆದು ಬದುಕುವುದರಿಂದ ನೆಂಟರಿಷ್ಟರು, ಅಕ್ಕಪಕ್ಕದವರು ‘ಇವರಿಗೆ ಗೊತ್ತಿರುತ್ತದೆ’ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುತ್ತಾ, ತಿಳಿದದ್ದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾ ಬಂದೆ. ಆ ಪುಸ್ತಕವೇ ಈ ಕೈಪಿಡಿಯ ಮೂಲ. ದೊಡ್ಡ ಸಾಲ, ದೊಡ್ಡ ಮೋಸ, ಷೇರು ವಹಿವಾಟು ಇದರಲ್ಲಿ ಇಲ್ಲ. ಚಹಾ ಆರುವಷ್ಟು ಹೊತ್ತು ತಲೆ ತಿನ್ನುವ ಸಣ್ಣ ದೋಷಗಳು ಮಾತ್ರ.

ಎಲ್ಲ ದೋಷಕ್ಕೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಹಣ ಈಗ ಯಾರ ಕೈಯಲ್ಲಿ ನಿಂತಿದೆ? ನಿಮ್ಮ ಬ್ಯಾಂಕಿನಲ್ಲೋ, ಎದುರಿನವರ ಬ್ಯಾಂಕಿನಲ್ಲೋ, ಇಬ್ಬರ ನಡುವಿನ ದಾರಿಯಲ್ಲೋ, ಅಥವಾ ಹೊರಟೇ ಇಲ್ಲವೋ? ಇದಕ್ಕೆ ಉತ್ತರ ಸಿಗುವ ಮೊದಲೇ ಕೂಗಾಡಲು ಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ನಾನೂ ಹಾಗೆ ಬರೆ ಎಳೆದವನೇ. ಆ ಕತೆ ಮುಂದೆ ಬರುತ್ತದೆ.

ಲಕ್ಷಣ: ಕಾರಣ ತಿಳಿಯದೆ ಚಿಲ್ಲರೆ ಕಡಿತವಾಗಿದೆ

ಪಾಸ್‌ಬುಕ್ಕಿನ ವಿವರದ ಅಂಕಣದಲ್ಲಿರುವ ಅಕ್ಷರಗಳು ಅಚ್ಚು ಹಾಕಿದವನಿಗೂ ಅರ್ಥವಾಗುವುದಿಲ್ಲ. ಅದನ್ನು ಬಿಟ್ಟು ಮೊತ್ತವನ್ನು ನೋಡಿ. ಕ್ಯಾಲ್ಕ್ಯುಲೇಟರ್ ತೆಗೆದು ಆ ಮೊತ್ತವನ್ನು 1.18ರಿಂದ ಭಾಗಿಸಿ. ಪೈಸೆಯಿಲ್ಲದ ಅಂಕಿ ಬಂದರೆ ಅದು ಬಹುಮಟ್ಟಿಗೆ ಬ್ಯಾಂಕಿನ ಸೇವಾ ಶುಲ್ಕವೇ, ಏಕೆಂದರೆ ಬ್ಯಾಂಕ್ ಸೇವೆಯ ಮೇಲಿನ ಜಿಎಸ್‌ಟಿ ಶೇಕಡಾ 18. ಚಿಕ್ಕಪ್ಪನ 23.60 ಹೀಗೆ 20 ಆಯಿತು. 17.70 ಇದ್ದರೆ 15 ಆಗುತ್ತದೆ. ಮೂರು ತಿಂಗಳಿಗೊಮ್ಮೆ ಇದೇ ಮೊತ್ತ ಹೋಗುತ್ತಿದ್ದರೆ ಎಸ್‌ಎಂಎಸ್ ಶುಲ್ಕವೆಂದು ಅನುಮಾನಿಸಬಹುದು. 236 ಎಂದರೆ 200, ಅದು ವರ್ಷಕ್ಕೊಮ್ಮೆ ಬಂದರೆ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. 590 ಎಂದರೆ 500, ಅದರ ಹಿಂದುಮುಂದಿನ ದಿನಗಳಲ್ಲಿ ಸಾಲದ ಕಂತೊಂದು ಹಣವಿಲ್ಲದೆ ವಾಪಸಾಗಿದೆಯೇ ನೋಡಿ. ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆಯಾಗುತ್ತದೆ, ಭಾಗಾಕಾರ ಬದಲಾಗುವುದಿಲ್ಲ.

27.14 ಕಂಡರೆ ಭಾಗಿಸುವ ಅಗತ್ಯವೂ ಇಲ್ಲ. ಅದು 23 ರೂಪಾಯಿ ಮತ್ತು ತೆರಿಗೆ. ಉಚಿತ ಮಿತಿ ಮೀರಿದ ಎಟಿಎಂ ಬಳಕೆಗೆ 2025ರ ಮೇ 1ರಿಂದ ಬ್ಯಾಂಕುಗಳು ವಿಧಿಸಬಹುದಾದ ಗರಿಷ್ಠ ಶುಲ್ಕ ಅದು. ಸ್ವಂತ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೇರೆ ಬ್ಯಾಂಕಿನದ್ದಾದರೆ ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ಉಳಿದೆಡೆ ಐದು. ಬಹಳ ಮಂದಿ ಎಡವುವುದು ಇನ್ನೊಂದು ಕಡೆ: ಬೇರೆ ಬ್ಯಾಂಕಿನ ಯಂತ್ರದಲ್ಲಿ ಬರೀ ಶಿಲ್ಕು ನೋಡಿಕೊಂಡು ಬಂದರೂ ಅದು ಎಣಿಕೆಗೆ ಸೇರುತ್ತದೆ. ಸಂಬಳ ಬಂತೇ ಎಂದು ದಿನಕ್ಕೊಮ್ಮೆ ಇಣುಕುವ ಹುಡುಗನೊಬ್ಬ ನಮ್ಮ ಓಣಿಯಲ್ಲಿದ್ದ. ಸಂಬಳ ಬರುವ ಹೊತ್ತಿಗೆ ಅವನ ಉಚಿತ ಸರದಿ ಮುಗಿದಿರುತ್ತಿತ್ತು. ಆದರೆ ಯಂತ್ರದ ತಾಂತ್ರಿಕ ದೋಷದಿಂದಲೋ ಅದರಲ್ಲಿ ನೋಟಿಲ್ಲದೆಯೋ ವ್ಯವಹಾರ ಬಿದ್ದುಹೋದರೆ ಅದನ್ನು ಎಣಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಹೇಳಿದೆ. ಎಣಿಸಿದ್ದರೆ ವಾಪಸ್ ಕೇಳಿ.

ಭಾಗಿಸಿದಾಗ ಅಂಕಿ ಸರಿಹೋಗದಿದ್ದರೆ ಅದು ಶುಲ್ಕವಲ್ಲ, ಬೇರೇನೋ. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. 20 ರೂಪಾಯಿ ಹೋಗಿದ್ದರೆ ಸುರಕ್ಷಾ ವಿಮೆಯದು. 2022ರ ಜೂನ್‌ಗೆ ಮೊದಲು ಇವು 330 ಮತ್ತು 12 ಇದ್ದವು. ಖಾತೆ ತೆರೆಯುವಾಗ ಹತ್ತು ಕಡೆ ಹಾಕಿದ ಸಹಿಗಳಲ್ಲಿ ಒಂದು ಇದಕ್ಕೂ ಇದ್ದಿರಬಹುದು. ಬೇಡವೆಂದರೆ ಶಾಖೆಯಲ್ಲಿ ಬರೆದುಕೊಟ್ಟು ನಿಲ್ಲಿಸಬಹುದು. ಬೇಡ ಎನ್ನುವ ಮೊದಲು ಒಂದು ಕ್ಷಣ ಯೋಚಿಸಿ ಎಂದು ಮಾತ್ರ ಹೇಳುತ್ತೇನೆ, ಏಕೆಂದರೆ ಆ 436ಕ್ಕೆ ಎರಡು ಲಕ್ಷ ರೂಪಾಯಿಯ ಜೀವ ವಿಮೆ ಇದೆ. ಪ್ರತಿ ತಿಂಗಳೂ ಒಂದೇ ತಾರೀಖಿಗೆ 99, 149, 199 ಹೀಗೆ ಹೋಗುತ್ತಿದ್ದರೆ ಮೊಬೈಲ್‌ನಲ್ಲಿ ಎಂದೋ ‘ಮೊದಲ ತಿಂಗಳು ಉಚಿತ’ ಎಂಬ ಆಸೆಗೆ ಒಪ್ಪಿಗೆ ಕೊಟ್ಟಿರುತ್ತೀರಿ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಅದರ ಹೆಸರು ಸಿಗುತ್ತದೆ, ಅಲ್ಲೇ ರದ್ದು ಮಾಡಿ. ಆ ಮನರಂಜನೆಯ ಆ್ಯಪ್ ಅನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಇದನ್ನು ನನ್ನ ಅಕ್ಕನ ಮಗನಿಗೆ ಮೂರು ಸಲ ಹೇಳಿದ್ದೇನೆ.

ಕೆಲವೊಮ್ಮೆ ಯಾರೋ ಒಂದು ರೂಪಾಯಿ ಜಮಾ ಮಾಡಿರುತ್ತಾರೆ. ಹೆದರಬೇಕಿಲ್ಲ. ನೀವು ಎಲ್ಲೋ ಖಾತೆ ಸಂಖ್ಯೆ ಕೊಟ್ಟಿದ್ದೀರಿ, ಅದು ನಿಮ್ಮದೇ ಹೌದೇ ಎಂದು ಅವರು ಒಂದು ರೂಪಾಯಿ ಕಳಿಸಿ ಪರೀಕ್ಷಿಸಿದ್ದಾರೆ.

ಲಕ್ಷಣ: ಎಟಿಎಂ ನೋಟು ಕೊಡಲಿಲ್ಲ, ಖಾತೆಯಿಂದ ಹಣ ಹೋಯಿತು

ನನ್ನ ಕತೆ ಇದೇ. ಒಂದು ತಿಂಗಳ 3ನೇ ತಾರೀಖು, ಸಂಜೆ 6.42. ನನ್ನದಲ್ಲದ ಬ್ಯಾಂಕಿನ ಎಟಿಎಂ. 4,000 ರೂಪಾಯಿ ಒತ್ತಿದೆ. ಒಳಗೆ ನೋಟು ಎಣಿಸುವ ಸರಸರ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ಹಣ ಬರುವ ಬಾಯಿ ತೆರೆಯಲೇ ಇಲ್ಲ. ಪರದೆ ಮತ್ತೆ ಸ್ವಾಗತ ಕೋರಿತು. ಜೇಬಿನಲ್ಲಿ ಫೋನು ಗುಂಯ್ ಎಂದಿತು: 4,000 ಕಡಿತವಾಗಿದೆ.

ಆ ಹೊತ್ತಿನಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಅಲ್ಲೇ ಎರಡು ನಿಮಿಷ ನಿಂತದ್ದು. ನಾವು ಬಾಗಿಲು ದಾಟಿದ ಮೇಲೆ ನೋಟು ಹೊರಬಂದರೆ ಅದು ಮುಂದೆ ನಿಂತವನ ಅದೃಷ್ಟ. ಹಣದ ಬಾಯಿಗೆ ಒಳಗಿನಿಂದ ಪಟ್ಟಿ ಅಂಟಿಸಿ ನೋಟು ತಡೆಹಿಡಿಯುವ ಕಳ್ಳರೂ ಇದ್ದಾರೆ, ಆದ್ದರಿಂದ ಆ ಜಾಗವನ್ನೊಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು. ‘ನಾನು ನೋಡಿಕೊಡುತ್ತೇನೆ, ಕಾರ್ಡು ಕೊಡಿ’ ಎಂದು ಹಿಂದಿನಿಂದ ಬರುವ ಸಹಾಯವನ್ನು ಮಾತ್ರ ಬೇಡವೆನ್ನಿ. ಯಂತ್ರದ ಮೇಲೆ ಅದರ ಗುರುತಿನ ಸಂಖ್ಯೆಯ ಚೀಟಿ ಅಂಟಿಸಿರುತ್ತಾರೆ, ಅದರ ಫೋಟೊ ತೆಗೆಯಿರಿ. ಚೀಟಿ ಮುದ್ರಣವಾಗಿದ್ದರೆ ಬುಟ್ಟಿಗೆ ಹಾಕಬೇಡಿ. ಆ ಮಸಿ ಕೆಲವೇ ವಾರಗಳಲ್ಲಿ ಮಾಸಿಹೋಗುತ್ತದೆ, ಅದರದ್ದೂ ಫೋಟೊ ಇರಲಿ.

ತಪ್ಪು ಮಾಡಿದ್ದು ಮರುದಿನ. ಯಂತ್ರ ಯಾರದೋ ಅವರನ್ನು ಹಿಡಿಯಬೇಕು ಎಂದು ಆ ಬ್ಯಾಂಕಿನ ಶಾಖೆಗೆ ಹೋಗಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆ. ಅವರು ನನ್ನ ಕಾರ್ಡನ್ನು ತಿರುಗಿಸಿ ನೋಡಿ, “ನಿಮ್ಮ ಬ್ಯಾಂಕಿಗೇ ಹೇಳಬೇಕು” ಎಂದರು. ಅವರು ಹೇಳಿದ್ದು ಸರಿ. ದೂರು ಕೊಡಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ಯಂತ್ರ ಯಾರದಾದರೂ ಇರಲಿ, ನಿಮ್ಮ ಖಾತೆ ಇರುವುದು ಅಲ್ಲಿ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದಿದ್ದರೆ ತಾಳ್ಮೆ ಸ್ವಲ್ಪ ಹೆಚ್ಚುತ್ತದೆ. ಯಂತ್ರ ಪ್ರತಿ ಹೆಜ್ಜೆಯನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ: ಎಷ್ಟು ಕೇಳಿದರು, ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎಳೆದೆ, ಹೊರಗೆ ಕೊಟ್ಟೆನೋ ಇಲ್ಲವೋ. ನೋಟು ತುಂಬುವವರು ಬಂದು ಲೆಕ್ಕ ಹಾಕಿದಾಗ ಕೊಡದ 4,000 ಹೆಚ್ಚುವರಿಯಾಗಿ ಸಿಗುತ್ತದೆ. ನಿಮ್ಮ ಬ್ಯಾಂಕು ಕೇಳಿದಾಗ ಯಂತ್ರದ ಬ್ಯಾಂಕು ಈ ಎರಡನ್ನೂ ಹೊಂದಿಸಿ ನೋಡಿ ಉತ್ತರಿಸುತ್ತದೆ. ಆದ್ದರಿಂದಲೇ ಯಂತ್ರದ ಸಂಖ್ಯೆ ಮತ್ತು ನಿಮಿಷದವರೆಗಿನ ಸಮಯ ನಿಮ್ಮ ಕಣ್ಣೀರಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಗಡುವು ಎಷ್ಟು? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿಯೇ ಖಾತೆಗೆ ಮರಳಬೇಕು. ಇಲ್ಲಿ ದಿನವೆಂದರೆ ಕ್ಯಾಲೆಂಡರಿನ ದಿನ, ರಜೆಯ ನೆಪ ನಡೆಯುವುದಿಲ್ಲ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ಪರಿಹಾರವನ್ನೂ ಗ್ರಾಹಕ ಕೇಳುವವರೆಗೆ ಕಾಯದೆ ಕೊಡಬೇಕು ಎಂದು ಅದರಲ್ಲೇ ಇದೆ. ನನಗೆ 8ನೇ ತಾರೀಖಿಗೆ ಬರಬೇಕಿದ್ದ ಹಣ 15ಕ್ಕೆ ಬಂತು. ಏಳು ದಿನದ ತಡಕ್ಕೆ 700 ರೂಪಾಯಿ ಬರಲಿಲ್ಲ. ಒಂದು ಪುಟದ ಪತ್ರಕ್ಕೆ ಸುತ್ತೋಲೆಯ ಪ್ರತಿ ಲಗತ್ತಿಸಿ ಕೊಟ್ಟೆ. ಕೌಂಟರಿನಲ್ಲಿದ್ದ ಯುವಕ ಅದನ್ನು ಎರಡು ಸಲ ಓದಿ, ಎದ್ದು ಹೋಗಿ ತನಗೊಂದು ಜೆರಾಕ್ಸ್ ಮಾಡಿಸಿಕೊಂಡ. 29ರಂದು 700 ಜಮಾ ಆಯಿತು.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಸಂಗತಿ, ಉಪಯೋಗಕ್ಕಿಂತ ಸಮಾಧಾನಕ್ಕೆ: ತಿಂಗಳಲ್ಲಿ ಹತ್ತು ಗಂಟೆಗಿಂತ ಹೆಚ್ಚು ಹೊತ್ತು ನೋಟಿಲ್ಲದೆ ಖಾಲಿ ನಿಂತ ಎಟಿಎಂಗೆ ಬ್ಯಾಂಕು 10,000 ರೂಪಾಯಿ ದಂಡ ತೆರಬೇಕೆಂಬ ನಿಯಮ 2021ರ ಅಕ್ಟೋಬರ್ 1ರಿಂದ ಬಂತು. ಹಬ್ಬದ ಹಿಂದಿನ ದಿನ ಖಾಲಿ ಯಂತ್ರದ ಮುಂದೆ ನಿಂತಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಲಕ್ಷಣ: ಯುಪಿಐನಲ್ಲಿ ಹಣ ಹೋಯಿತು, ಅಂಗಡಿಯವರಿಗೆ ಬರಲಿಲ್ಲ

ಅಂಗಡಿಯ ಪುಟ್ಟ ಪೆಟ್ಟಿಗೆ ಮಾತಾಡಲಿಲ್ಲ ಎಂದರೆ ಹಣ ಬಂದಿಲ್ಲ ಎಂದು ಅರ್ಥವಲ್ಲ. ಆ ಪೆಟ್ಟಿಗೆಗೂ ಸಿಮ್ ಇದೆ, ಅದಕ್ಕೂ ಸಿಗ್ನಲ್ ಹೋಗುತ್ತದೆ. ಗಡಿಬಿಡಿಯಲ್ಲಿ ಎರಡನೇ ಸಲ ಕಳಿಸುವ ಮೊದಲು ನಿಮ್ಮ ಆ್ಯಪ್‌ನಲ್ಲಿ ಆ ವ್ಯವಹಾರವನ್ನು ತೆರೆದು ಸ್ಥಿತಿ ನೋಡಿ. ಯಶಸ್ವಿ ಎಂದಿದ್ದರೆ ಅಲ್ಲೇ ಹನ್ನೆರಡು ಅಂಕಿಯ ಯುಟಿಆರ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ ಇರುತ್ತದೆ. ಹಣ ಅವರ ಬ್ಯಾಂಕಿಗೆ ಮುಟ್ಟಿದೆ, ಅವರು ಪೆಟ್ಟಿಗೆಯನ್ನು ಬಿಟ್ಟು ತಮ್ಮ ಖಾತೆಯಲ್ಲಿ ನೋಡಬೇಕು. ಬಾಕಿ ಎಂದಿದ್ದರೆ ಹಣ ದಾರಿಯಲ್ಲಿದೆ. ವಿಫಲ ಎಂದಿದ್ದೂ ಕಡಿತವಾಗಿದ್ದರೆ ಅದು ಹಿಂದಿರುಗುವ ದಾರಿಯಲ್ಲಿದೆ. ಅದೇ 2019ರ ಸುತ್ತೋಲೆಯಂತೆ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ವಾಪಸಾಗಬೇಕು. ಆಮೇಲೆ ಇಲ್ಲೂ ದಿನಕ್ಕೆ 100.

ತಪ್ಪಿ ಬೇರೆಯವರಿಗೆ ಕಳಿಸಿಬಿಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಯಂತ್ರದ ದೃಷ್ಟಿಯಲ್ಲಿ ಆ ವ್ಯವಹಾರ ಸರಿಯಾಗಿಯೇ ಆಗಿದೆ. ಆ್ಯಪ್‌ನಲ್ಲೂ ಬ್ಯಾಂಕಿನಲ್ಲೂ ಕೂಡಲೇ ದೂರು ಕೊಡಬಹುದು, ಬ್ಯಾಂಕು ಪಡೆದವರನ್ನು ಕೇಳಬಹುದು, ಆದರೆ ಅವರು ಒಪ್ಪದೆ ಅವರ ಖಾತೆಯಿಂದ ತೆಗೆಯಲಾಗದು. ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರನ್ನು ಓದುವ ಎರಡು ಸೆಕೆಂಡು ಇಲ್ಲಿ ಇರುವ ಒಂದೇ ಔಷಧ.

ಒಂದು ಎಚ್ಚರಿಕೆ. ಹಣ ಸಿಕ್ಕಿಕೊಂಡ ಸಿಟ್ಟಿನಲ್ಲಿ ಅಂತರ್ಜಾಲದಲ್ಲಿ ‘ಗ್ರಾಹಕ ಸೇವೆ’ ಎಂದು ಹುಡುಕಿ ಸಿಕ್ಕ ಮೊದಲ ಸಂಖ್ಯೆಗೆ ಕರೆ ಮಾಡಬೇಡಿ. ಅಂಥ ಸಂಖ್ಯೆಗಳನ್ನು ಮೋಸಗಾರರೂ ಹಾಕಿರುತ್ತಾರೆ. ಸಂಖ್ಯೆ ನಿಮ್ಮ ಕಾರ್ಡಿನ ಹಿಂಬದಿಯಲ್ಲಿದೆ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ‘ವಾಪಸ್ ಕಳಿಸುತ್ತೇವೆ, ಪಿನ್ ಒತ್ತಿ’ ಎಂದ ಕೂಡಲೇ ಫೋನಿಡಿ. ಒತ್ತಿ ಆಗಿದ್ದರೆ ಯೋಚಿಸುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಲಕ್ಷಣ: ಹೊಸ ಫೋನಿನಲ್ಲಿ ಆ್ಯಪ್ ನೋಂದಣಿಯಾಗುತ್ತಿಲ್ಲ, ಓಟಿಪಿ ಬರುತ್ತಿಲ್ಲ

ಇದರಲ್ಲಿ ಬ್ಯಾಂಕಿನ ತಪ್ಪು ಕಡಿಮೆ. ಯುಪಿಐ ಆ್ಯಪ್ ನೋಂದಣಿಯಾಗುವಾಗ ನಿಮ್ಮ ಫೋನಿನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗುತ್ತದೆ. ಆ ಸಂಖ್ಯೆ ಈ ಫೋನಿನಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳುವ ಉಪಾಯ ಅದು. ಎರಡು ಸಿಮ್ ಇದ್ದು ಇನ್ನೊಂದರಿಂದ ಹೋದರೆ ಸೋಲುತ್ತದೆ. ರೀಚಾರ್ಜ್ ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಸೋಲುತ್ತದೆ. ಅಕ್ಕ ಒಂದು ಮಧ್ಯಾಹ್ನವಿಡೀ ಬ್ಯಾಂಕನ್ನು ಬೈದ ಮೇಲೆ ಗೊತ್ತಾದದ್ದು, ಅವಳ ಪ್ಯಾಕಿನಲ್ಲಿ ಮಾತೂ ಡೇಟಾವೂ ಇದ್ದವು, ಎಸ್‌ಎಂಎಸ್ ಇರಲಿಲ್ಲ. ಯಾರಾದರೊಬ್ಬರಿಗೆ ಒಂದು ಸಾಮಾನ್ಯ ಎಸ್‌ಎಂಎಸ್ ಕಳಿಸಿ ನೋಡಿ, ಅದು ಹೋದರೆ ಮುಂದಿನ ಮಾತು.

ಸಿಮ್ ಬದಲಾಯಿಸಿದ್ದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಓಟಿಪಿ ದೋಚದಿರಲಿ ಎಂದು ಮಾಡಿದ ತಡೆ ಅದು. ಹೊಸ ಫೋನಿನಲ್ಲಿ ನೋಂದಣಿ ಆದ ಮೇಲೂ ಮೊದಲ ದಿನ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡದಿರುವುದಕ್ಕೂ ಇದೇ ಕಾರಣ. ಮದುವೆಯ ಛತ್ರಕ್ಕೆ ಮುಂಗಡ ಕೊಡುವ ದಿನವೇ ಹೊಸ ಫೋನು ಕೊಳ್ಳಬೇಡಿ.

ಲಕ್ಷಣ: ಕಳಿಸಿದ ಹಣ ವಾಪಸ್ ಬಂತು, ಅಥವಾ ವಿವರ ತುಂಬುವಾಗಲೇ ನಿರಾಕರಿಸಿತು

ಐಎಫ್‌ಎಸ್‌ಸಿ ನೋಡಿ. ಅದು ಬ್ಯಾಂಕಿನ ಶಾಖೆಯನ್ನು ಗುರುತಿಸುವ ಸಂಕೇತ, ಹನ್ನೊಂದು ಅಕ್ಷರ; ಮೊದಲ ನಾಲ್ಕು ಬ್ಯಾಂಕು, ಕೊನೆಯ ಆರು ಶಾಖೆ, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಒತ್ತಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಎರಡನೆಯ ಕಾರಣ ನಮ್ಮ ನಾಡಿಗೆ ಹತ್ತಿರದ್ದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು. 2019ರ ಅದೇ ತಾರೀಖಿಗೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಅದೇ ತಾರೀಖಿಗೆ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಉಡುಪಿ, ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳ ಹೆಸರು ಫಲಕದಿಂದ ಹೋದರೂ ಜನರ ಬಾಯಿಂದ ಹೋಗಿಲ್ಲ. ನಮ್ಮ ಮನೆಯಲ್ಲಿ ಈಗಲೂ ‘ಸಿಂಡಿಕೇಟಿಗೆ ಹೋಗಿ ಬರುತ್ತೇನೆ’ ಎನ್ನುತ್ತಾರೆ. ಬಾಯಿಗೆ ಅಡ್ಡಿಯಿಲ್ಲ. ಆದರೆ ಬಾಡಿಗೆ ಕರಾರಿನಲ್ಲೋ ಹಳೆಯ ಪಾಸ್‌ಬುಕ್ಕಿನ ಮೊದಲ ಪುಟದಲ್ಲೋ ಇರುವ ಸಂಕೇತ ನಡೆಯುವುದಿಲ್ಲ. ‘ಎಸ್‌ವೈಎನ್‌ಬಿ’ ಎಂದು ಶುರುವಾಗುವವು 2021ರ ಜುಲೈ 1ಕ್ಕೇ ನಿಂತುಹೋದವು. ಹಳೆಯ ಚೆಕ್ ಪುಸ್ತಕಕ್ಕೂ ಇದೇ ಗತಿ.

ನೆಫ್ಟ್ ಮೂಲಕ ಕಳಿಸಿದ್ದಾದರೆ ಒಂದೆರಡು ಗಂಟೆ ಕಾಯಿರಿ. ಅದು ಅರ್ಧ ಗಂಟೆಗೊಮ್ಮೆ ಗುಂಪಾಗಿ ಹೊರಡುವ ಬಸ್ಸಿನಂತೆ, ದಿನಕ್ಕೆ 48 ಸರದಿ. 2019ರ ಡಿಸೆಂಬರ್ 16ರಿಂದ ರಾತ್ರಿಯೂ ರಜೆಯ ದಿನವೂ ಓಡುತ್ತದೆ. ಗುಂಪು ಇತ್ಯರ್ಥವಾದ ಎರಡು ಗಂಟೆಯೊಳಗೆ ಜಮಾ ಆಗಬೇಕು, ಇಲ್ಲವೇ ಹಿಂದಿರುಗಬೇಕು.

ಲಕ್ಷಣ: ಸರ್ಕಾರದ ಹಣ ಬಂದಿದೆ ಎನ್ನುತ್ತಾರೆ, ಖಾತೆಯಲ್ಲಿ ಇಲ್ಲ

ಅತ್ತಿಗೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ನಾಲ್ಕು ತಿಂಗಳು ಬಂದಿರಲಿಲ್ಲ. ಕಚೇರಿಯಲ್ಲಿ ಕೇಳಿದರೆ ‘ಪಾವತಿಯಾಗಿದೆ’. ಬ್ಯಾಂಕಿನಲ್ಲಿ ಕೇಳಿದರೆ ‘ಬಂದಿಲ್ಲ’. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು.

ಇಂಥ ನೇರ ನಗದು ವರ್ಗಾವಣೆಯ ಹಣ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಬರುವುದಿಲ್ಲ, ಆಧಾರ್ ಸಂಖ್ಯೆಯ ಬೆನ್ನು ಹಿಡಿದು ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಎಂಬ ಪಟ್ಟಿ ದೇಶದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಬಳಿ ಇರುತ್ತದೆ, ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು. ಅತ್ತಿಗೆ ಸ್ವಸಹಾಯ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅಲ್ಲಿ ತುಂಬಿದ ಅರ್ಜಿಯಲ್ಲಿ ಈ ಜೋಡಣೆಗೂ ಒಪ್ಪಿಗೆ ಹೋಗಿತ್ತು. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದಾಗ ಆ ಬ್ಯಾಂಕಿನ ಹೆಸರು ಬಂತು. ಅವರು ಪೆಟ್ಟಿಗೆಯ ತಳದಿಂದ ಆ ಪಾಸ್‌ಬುಕ್ ತೆಗೆದು ಅಚ್ಚು ಹಾಕಿಸಿದರೆ 8,000 ರೂಪಾಯಿ ಅಲ್ಲಿ ತಣ್ಣಗೆ ಕುಳಿತಿತ್ತು. ಅಣ್ಣ ಕೂಡಲೇ ಫ್ರಿಜ್ ರಿಪೇರಿಯ ಮಾತೆತ್ತಿದ. ಅತ್ತಿಗೆ ಪಾಸ್‌ಬುಕ್ಕನ್ನು ಮತ್ತೆ ಪೆಟ್ಟಿಗೆಯ ತಳಕ್ಕೇ ಸೇರಿಸಿದರು.

ಆ ಹೆಸರಿನ ಬ್ಯಾಂಕಿನಲ್ಲೂ ಹಣ ಇಲ್ಲವಾದರೆ ಖಾತೆ ನಿಷ್ಕ್ರಿಯವಾಗಿದೆಯೇ ಕೇಳಿ. ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಹಾಗಾಗುತ್ತದೆ. ಕೆವೈಸಿ ಕೊಟ್ಟರೆ ಮತ್ತೆ ಜೀವ ಬರುತ್ತದೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಲಕ್ಷಣ: ಬಡ್ಡಿ ಕಡಿಮೆ ಬಂದಿದೆ

ಬಹುತೇಕ ಸಲ ಕಡಿಮೆ ಬಂದಿರುವುದಿಲ್ಲ. ಶೇಕಡಾ 2.5 ದರವಿದ್ದು 10,000 ರೂಪಾಯಿ 90 ದಿನ ಕದಲದೆ ಇದ್ದರೆ ಸಿಗುವುದು ಸುಮಾರು 62 ರೂಪಾಯಿ ಮಾತ್ರ. ಅಜ್ಜ ಉಳಿತಾಯದ ಹಣವನ್ನು ತಿಂಗಳ 10ರೊಳಗೆ ಕಟ್ಟಲೇಬೇಕು, ಕೊನೆಯ ತಾರೀಖಿನವರೆಗೆ ಮುಟ್ಟಬಾರದು ಎಂದು ಹಟ ಹಿಡಿಯುತ್ತಿದ್ದರು. ಅದು ಅವರ ಗೀಳು ಎಂದುಕೊಂಡಿದ್ದೆ. ಆಗ 10ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ ಇತ್ತು. ದಿನದಿನದ ಶಿಲ್ಕಿಗೆ ಬಡ್ಡಿ ಲೆಕ್ಕ ಹಾಕಲು ಶುರುವಾದದ್ದು 2010ರ ಏಪ್ರಿಲ್ 1ರಿಂದ. ಅಪ್ಪ ಈಗಲೂ 10ನೇ ತಾರೀಖಿಗೇ ಹಣ ಕಟ್ಟುತ್ತಾರೆ. ನಾನು ತಿದ್ದಲು ಹೋಗಿಲ್ಲ.

ದೂರು ಬರೆಯುವ ಬಗೆ

ಬಾಯಲ್ಲಿ ಹೇಳಿದ ದೂರು ಗಾಳಿಯಲ್ಲಿ ಹೋಗುತ್ತದೆ. ಬರೆದದ್ದರಲ್ಲಿ ಬ್ಯಾಂಕಿನವರ ಉದಾಸೀನ, ನಿಮ್ಮ ಇಪ್ಪತ್ತು ವರ್ಷದ ನಿಷ್ಠೆ ಇವೆಲ್ಲ ಬೇಡ. ನನ್ನ ಎಟಿಎಂ ಪತ್ರದ ತಿರುಳು ಇಷ್ಟೇ ಇತ್ತು: ‘3ನೇ ತಾರೀಖು ಸಂಜೆ 6.42ಕ್ಕೆ ಈ ಸಂಖ್ಯೆಯ ಎಟಿಎಂನಲ್ಲಿ 4,000 ರೂಪಾಯಿ ಕೇಳಿದೆ. ನಗದು ಬರಲಿಲ್ಲ, ಖಾತೆಯಿಂದ ಕಡಿತವಾಯಿತು. ಹಣ 15ಕ್ಕೆ ಮರಳಿತು. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಏಳು ದಿನದ ಪರಿಹಾರ 700 ರೂಪಾಯಿ ಜಮಾ ಮಾಡಿ.’ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ಆ್ಯಪ್‌ನಲ್ಲಿ ಕೊಟ್ಟರೆ ದೂರಿನ ಸಂಖ್ಯೆ ಬರೆದಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರಿನ ಜಾಲತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು, ವಿವರಕ್ಕೆ 14448. ಮೊದಲು ಬ್ಯಾಂಕಿಗೆ ಕೊಟ್ಟ ಪುರಾವೆಯಿಲ್ಲದೆ ಅಲ್ಲಿಗೆ ಹೋದರೆ ದೂರು ಹಿಂದಕ್ಕೆ ಬರುತ್ತದೆ. ಆ ಮೊಹರು ಕೆಲಸಕ್ಕೆ ಬರುವುದು ಇಲ್ಲೇ. ಇನ್ನು 23 ರೂಪಾಯಿ 60 ಪೈಸೆಗಾಗಿ ಆಟೋಗೆ 60 ಕೊಟ್ಟು ಶಾಖೆಗೆ ಹೋಗುವುದು ಮೂಗಿಗಿಂತ ಮೂಗುತಿ ಭಾರ. ಅಂಥದ್ದಕ್ಕೆ ಇಮೇಲ್ ಸಾಕು.

ಇನ್ನೂ ಬಗೆಹರಿಯದ್ದು

ಅಪ್ಪನ ಹೆಸರು. ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್ ಮುಂದೆ, ಹೆಸರು ಹಿಂದೆ. ಆಧಾರ್‌ನಲ್ಲಿ ಹೆಸರು ಮುಂದೆ, ಆಮೇಲೆ ಊರಿನ ಹೆಸರು, ಆಮೇಲೆ ಅಜ್ಜನ ಹೆಸರು, ಎಲ್ಲವೂ ಬಿಡಿಸಿ. ಪ್ಯಾನ್ ಕಾರ್ಡಿನಲ್ಲಿ ಊರು ಬಿಟ್ಟುಹೋಗಿ ಅಜ್ಜ ಮಾತ್ರ ಉಳಿದಿದ್ದಾರೆ. ಮೂರನ್ನೂ ಹೊಂದಿಸಿ ನೋಡುವ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಗಂಡಸರು. ಯಾವುದನ್ನು ಮೊದಲು ತಿದ್ದಿಸಬೇಕು ಎಂದು ಶಾಖೆಯಲ್ಲಿ ಕೇಳಿದರೆ ಆಧಾರ್ ಎಂದರು. ಆಧಾರ್ ಕೇಂದ್ರದಲ್ಲಿ ಕೇಳಿದರೆ, ಅದು ಸರಿಯಾಗಿಯೇ ಇದೆಯಲ್ಲ, ಬ್ಯಾಂಕಿನಲ್ಲಿ ತಿದ್ದಿಸಿ ಎಂದರು. ಅಪ್ಪನನ್ನೇ ಕೇಳಿದರೆ “ನನ್ನ ಹೆಸರಿನಲ್ಲಿ ತಪ್ಪೇನಿದೆ?” ಎನ್ನುತ್ತಾರೆ. ಆಧಾರ್‌ನಲ್ಲಿ ಇರುವಂತೆಯೇ ಉಳಿದೆರಡನ್ನೂ ಬದಲಿಸುವುದೆಂದು ತೀರ್ಮಾನಿಸಿ ಬ್ಯಾಂಕಿನ ಅರ್ಜಿ ತುಂಬಿಟ್ಟಿದ್ದೇನೆ. ಈ ಶನಿವಾರ ತಿಂಗಳ ಎರಡನೆಯದು, ಬಾಗಿಲು ತೆರೆಯುವುದಿಲ್ಲ. ಸೋಮವಾರ ಹೋಗಬೇಕು, ಪೆನ್ನು ಒಯ್ಯಬೇಕು.